ಪ್ಲಾಸ್ಟರ್ ತೆಗೆದ ಮೇಲೆ ಸೂರ್ಯನಮಸ್ಕಾರವೇ?

ಪ್ರಶ್ನೆ: ನನಗೆ 52 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರದ ಬಳಿಕ ಪ್ಲಾಸ್ಟರ್ ತೆಗೆದಿದ್ದಾರೆ. ಮೊದಲಿನಂತೆ ಸೂರ್ಯನಮಸ್ಕಾರ ಶುರು ಮಾಡಲೇ?
– ಓದುಗರೊಬ್ಬರು, ಹಾಸನ

ಉತ್ತರ: ಯೋಗ ಶುರು ಮಾಡಿ, ಸೂರ್ಯನಮಸ್ಕಾರ ಸದ್ಯಕ್ಕೆ ಬೇಡ. ಪ್ಲಾಸ್ಟರ್ ತೆಗೆದ ಮಾತ್ರಕ್ಕೆ ಮೂಳೆ ಮೊದಲಿನಷ್ಟು ಗಟ್ಟಿಯಾಗಿದೆ ಎಂದಲ್ಲ. ಅಲುಗಾಡದೆ ಇದ್ದ ಕೀಲು ಬಿಗಿದುಕೊಂಡಿರುತ್ತದೆ, ಮುಂಗೈ ಸ್ನಾಯು ಸೊರಗಿರುತ್ತದೆ. ಪರ್ವತಾಸನ, ಅಷ್ಟಾಂಗ ನಮಸ್ಕಾರಗಳಲ್ಲಿ ಮೈಭಾರದ ಒಂದು ಪಾಲು ಹಿಂದಕ್ಕೆ ಬಾಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ.

ತಾಡಾಸನ, ವೀರಭದ್ರಾಸನ, ಸೇತುಬಂಧಾಸನಗಳಿಗೆ ಅಡ್ಡಿಯಿಲ್ಲ. ವೃಕ್ಷಾಸನವನ್ನು ಗೋಡೆಯ ಪಕ್ಕದಲ್ಲೇ ಮಾಡಿ; ಈಗ ಮತ್ತೆ ಬೀಳುವಂತಿಲ್ಲ. ನಾಡಿಶೋಧನಕ್ಕೆ ಬಲಗೈ ಬೆರಳು ಮಡಚಲು ನೋವಾದರೆ ಎಡಗೈ ಬಳಸಿ.

ಕೈಗೆ ಬೇರೆಯೇ ಅಭ್ಯಾಸ ಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ, ಮುಷ್ಟಿ ಕಟ್ಟಿ ಬಿಡಿಸಿ. ಮಣಿಕಟ್ಟನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಭಾರ ಹಾಕಬಹುದೆಂದು ವೈದ್ಯರು ಹೇಳಿದ ಮೇಲೆ ಮೊದಲು ಗೋಡೆಗೆ ಅಂಗೈ ಒತ್ತಿ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಮರುದಿನ ನೋವು, ಊತ ಹೆಚ್ಚಿದ್ದರೆ ಒಂದು ಹಂತ ಹಿಂದೆ ಸರಿಯಿರಿ. ಬೆರಳು ಜೋಮು ಹಿಡಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು 1979ರ ಸ್ಕೂಟರ್ ಅಪಘಾತದ ನಂತರ ಆಸನಗಳನ್ನು ಮತ್ತೆ ಬುಡದಿಂದಲೇ ಸಾಧಿಸಿಕೊಂಡರು. ಅವರಂತೆ ಹಗ್ಗ, ಕುರ್ಚಿ, ದಿಂಬಿನ ಆಸರೆ ಪಡೆಯಲು ನಾವೂ ಸಂಕೋಚಪಡಬೇಕಿಲ್ಲ.

ಇನ್ನೊಂದು ಮಾತು: ಈ ವಯಸ್ಸಿನಲ್ಲಿ ನಿಂತಲ್ಲೇ ಬಿದ್ದು ಮೂಳೆ ಮುರಿದಿದ್ದರೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ತಪ್ಪದೆ ಕೇಳಿ.