ಹಳೆಯ ಕಾರು: ಓಡಿಸಿಕೊಂಡು ಹೋಗುವುದೋ, ಹೇರಿಕೊಂಡು ಹೋಗುವುದೋ?

ಹಳೆಯ ಮೋಟಾರು ಕಾರುಗಳ ಪ್ರದರ್ಶನ ಎಲ್ಲಿಯೇ ನಡೆಯಲಿ, ಅಲ್ಲಿ ಎರಡು ಪಂಗಡಗಳ ಯಜಮಾನರನ್ನು ಕಾಣಬಹುದು. ಕಾರನ್ನು ಅದರ ಸ್ವಂತ ಚಕ್ರಗಳ ಮೇಲೆ ಓಡಿಸಿಕೊಂಡು ಬಂದವರು ಒಂದು ಪಂಗಡ; ಲಾರಿಯ ಮೇಲೋ ಟ್ರೇಲರಿನ ಮೇಲೋ ಹೇರಿಕೊಂಡು ಬಂದವರು ಇನ್ನೊಂದು. ಓಡದ ಕಾರು ಬರಿಯ ಗೊಂಬೆ ಎಂಬುದು ಮೊದಲಿನವರ ವಾದ. ಮುಪ್ಪಾದ ಯಂತ್ರವನ್ನು ನೂರಾರು ಮೈಲಿ ದಣಿಸುವುದೆಂದರೆ ಅದರ ಆಯುಷ್ಯವನ್ನು ಕೈಯಾರೆ ಕಳೆದಂತೆ ಎಂಬುದು ಎರಡನೆಯವರ ವಾದ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಯಾರ ಮಾತು ಎಲ್ಲಿಯವರೆಗೆ ಸತ್ಯ ಎಂಬುದನ್ನು ಅಭಿಮಾನದಿಂದ ನಿರ್ಣಯಿಸಲಾಗದು. ಉಷ್ಣ, ಘರ್ಷಣೆ, ಜಡತ್ವ ಇವುಗಳ ನಿಯಮಗಳನ್ನು ಅನ್ವಯಿಸಿ ನೋಡಿದರೆ ಉತ್ತರ ತಾನಾಗಿಯೇ ಹೊರಬೀಳುತ್ತದೆ. ಆ ಕೆಲಸವನ್ನು ಈ ಲೇಖನದಲ್ಲಿ ಮಾಡೋಣ.

ಈ ಪ್ರಶ್ನೆ ದೊಡ್ಡ ನಗರಗಳ ಶ್ರೀಮಂತರಿಗೆ ಮಾತ್ರ ಸಂಬಂಧಿಸಿದುದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಯಲ್ಲಿಯೂ ತಂದೆಯ ಅಥವಾ ಅಜ್ಜನ ಕಾಲದ ಅಂಬಾಸಿಡರ್, ಫಿಯೆಟ್ 1100, ಜೀಪು ಮೊದಲಾದವು ಮನೆಯ ಪಕ್ಕದ ಶೆಡ್ಡಿನಲ್ಲಿ ಉಳಿದುಕೊಂಡಿರುವುದುಂಟು. ನೆರೆಯ ಕೊಲ್ಹಾಪುರದಲ್ಲಿ ದಸರೆಯ ದಿನ ಅಲ್ಲಿನ ರಾಜಮನೆತನದ ಹಳೆಯ ಮೇಬ್ಯಾಕ್ ಕಾರು ಹೊರಬರುವುದನ್ನು ಗಡಿಯ ಈಚೆಯ ಜನರೂ ಹೋಗಿ ನೋಡುವುದುಂಟು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಇಂತಹ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನೇ ರೂಪಿಸಿತು. ಮೊದಲ ನೋಂದಣಿಯಾಗಿ 50 ವರ್ಷಗಳು ಸಂದಿದ್ದು, ಮೂಲರೂಪವನ್ನು ಕಾಪಾಡಿಕೊಂಡು ಬಂದಿರುವ ಖಾಸಗಿ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೂ ರ್ಯಾಲಿಗೂ ಹೋಗಿಬರುವುದಕ್ಕೆ, ಇಂಧನ ತುಂಬಿಸುವುದಕ್ಕೆ, ದುರಸ್ತಿಗೆ ರಸ್ತೆಗೆ ಇಳಿಸಬಹುದು. ಆದುದರಿಂದ ಪ್ರದರ್ಶನದ ದಾರಿಯೇ ಅಂತಹ ಕಾರಿಗೆ ವರ್ಷದಲ್ಲಿ ದೊರೆಯುವ ಮುಖ್ಯ ವ್ಯಾಯಾಮ. ಓಡಿಸಲು ಕಾನೂನಿನ ಅಡ್ಡಿಯಿಲ್ಲ; ಓಡಿಸಬೇಕೇ ಎಂಬುದನ್ನು ವಿಜ್ಞಾನವೇ ಹೇಳಬೇಕು.

ನಿಂತ ಕಾರಿಗೆ ಆಗುವುದೇನು?

ಬಳಸದೆ ಇಟ್ಟ ವಸ್ತು ಸವೆಯುವುದಿಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಪಾತ್ರೆಪದಾರ್ಥಗಳಿಗೆ ಇದು ಒಪ್ಪುವ ಮಾತು, ಎಂಜಿನ್ನಿಗೆ ಒಪ್ಪುವುದಿಲ್ಲ. ಎಂಜಿನ್ನಿನ ಮುಖ್ಯ ದಂಡವು ತಿರುಗುತ್ತಿರುವಾಗ ತನ್ನ ಸುತ್ತಲಿನ ಎಣ್ಣೆಯನ್ನು ತಾನೇ ಬೇರಿಂಗಿನ ಸಂದಿಗೆ ಎಳೆದುಕೊಳ್ಳುತ್ತದೆ. ಹೀಗೆ ಒಳಹೊಕ್ಕ ಎಣ್ಣೆಯ ತೆಳುಪೊರೆಯೇ ದಂಡವನ್ನು ಎತ್ತಿ ಹಿಡಿಯುವುದರಿಂದ ಲೋಹಕ್ಕೆ ಲೋಹ ತಾಗುವುದಿಲ್ಲ. ದಂಡ ನಿಂತೊಡನೆ ಈ ಆಧಾರ ತಪ್ಪುತ್ತದೆ. ವಾರಗಟ್ಟಲೆ ನಿಂತಾಗ ಎಣ್ಣೆ ಕೆಳಗಿಳಿದು ಸಿಲಿಂಡರಿನ ಗೋಡೆಗಳು ಬರಿದಾಗುತ್ತವೆ. ಮಳೆಗಾಲದ ತೇವ ಅಲ್ಲಿ ತುಕ್ಕನ್ನು ಹುಟ್ಟಿಸುತ್ತದೆ. ಮುಂದೆ ಎಂಜಿನ್ನು ಚಾಲೂ ಆದಾಗ ಎಣ್ಣೆ ಮೇಲೇರುವವರೆಗಿನ ಕೆಲವು ಕ್ಷಣಗಳಲ್ಲಿ ಲೋಹ ಲೋಹವನ್ನು ಉಜ್ಜುತ್ತದೆ. ರಬ್ಬರು ಬಿರಿಯುತ್ತದೆ. ಒಂದೇ ಕಡೆ ಭಾರ ಹೊತ್ತ ಟೈರು ಅಲ್ಲಿ ಚಪ್ಪಟೆಯಾಗುತ್ತದೆ.

ಪೆಟ್ರೋಲಿನ ಮಾತನ್ನೂ ಇಲ್ಲಿಯೇ ಹೇಳಬೇಕು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವುದು ವ್ಯಾಪಕವಾಯಿತು. ನಮ್ಮ ಹೊಲಗಳ ಕಬ್ಬೇ ಸಕ್ಕರೆ ಕಾರಖಾನೆಗಳ ಮೂಲಕ ಎಥನಾಲ್ ಆಗಿ ಮಾರ್ಪಟ್ಟು ಪೆಟ್ರೋಲ್ ಟಾಕಿಯನ್ನು ಸೇರುತ್ತಿದೆ. ರೈತನಿಗೆ ಇದು ಲಾಭ; ಹಳೆಯ ಕಾರಿಗೆ ಮಾತ್ರ ಎಚ್ಚರಿಕೆಯ ಸಂಗತಿ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟಾಕಿಯ ತಳಕ್ಕೆ ಇಳಿಯುತ್ತವೆ. ತಳದಲ್ಲಿ ತುಕ್ಕು ಹಿಡಿಯುತ್ತದೆ. ಎಥನಾಲನ್ನು ಎಣಿಕೆಗೆ ತೆಗೆದುಕೊಳ್ಳದೆ ತಯಾರಿಸಿದ ಹಳೆಯ ರಬ್ಬರು ಕೊಳವೆಗಳು ಇದರಿಂದ ಉಬ್ಬಿ ಮೆತ್ತಗಾಗುತ್ತವೆ. ಟಾಕಿಯಲ್ಲಿ ಪೆಟ್ರೋಲು ಹೆಚ್ಚು ದಿನ ನಿಂತಷ್ಟೂ ಈ ಕೇಡು ಹೆಚ್ಚು.

ಐದು ನಿಮಿಷದ ಓಟದ ಕೇಡು

ಕಾರನ್ನು ಯಾವಾಗಲೂ ಹೇರಿಕೊಂಡೇ ಒಯ್ಯುವವರು ಗಮನಿಸದ ಒಂದು ಸಂಗತಿಯುಂಟು. ಲಾರಿಗೆ ಹತ್ತಿಸಲು ಐದು ನಿಮಿಷ ಎಂಜಿನ್ನು ನಡೆಸುವರು. ಇಳಿಸಲು ಮತ್ತೆ ಐದು ನಿಮಿಷ. ಮೈದಾನದಲ್ಲಿ ನೂರು ಹೆಜ್ಜೆ ಓಡಿಸಿ ನಿಲ್ಲಿಸುವರು. ಇಷ್ಟರಿಂದ ಏನಾದೀತು ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ.

ಪೆಟ್ರೋಲಿನಲ್ಲಿರುವ ಹೈಡ್ರೊಜನ್ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿದರೆ ಉಂಟಾಗುವ ನೀರು ಸುಮಾರು ಒಂದು ಲೀಟರು! ಎಂಜಿನ್ನು ಕಾದಿದ್ದರೆ ಈ ನೀರು ಹಬೆಯಾಗಿ ಹೊರಟುಹೋಗುತ್ತದೆ. ತಣ್ಣಗಿದ್ದರೆ ಸೈಲೆನ್ಸರಿನಲ್ಲಿಯೂ ಎಂಜಿನ್ನಿನ ಕೆಳಗಿನ ಎಣ್ಣೆಯಲ್ಲಿಯೂ ಹನಿಗಟ್ಟಿ ನಿಲ್ಲುತ್ತದೆ. ಉರಿದ ಅನಿಲಗಳು ಆ ನೀರಿನಲ್ಲಿ ಕರಗಿ ಆಮ್ಲಗಳಾಗುತ್ತವೆ. ಸೈಲೆನ್ಸರು ಒಳಗಿನಿಂದ ತೂತಾಗುವುದು, ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುವುದು ಇದರಿಂದಲೇ. ರೇಡಿಯೇಟರಿನ ನೀರು ಬೇಗ ಕಾಯುತ್ತದೆಯಾದರೂ ಎಣ್ಣೆ ಅದಕ್ಕಿಂತ ನಿಧಾನವಾಗಿ ಕಾಯುತ್ತದೆ. ಹದಿನೈದು ಇಪ್ಪತ್ತು ಕಿಲೋಮೀಟರು ಸತತವಾಗಿ ಓಡಿದ ಮೇಲೆಯೇ ತೇವ ಚೆನ್ನಾಗಿ ಹೊರಹೋಯಿತೆಂದು ನಂಬಬಹುದು.

ಆದುದರಿಂದ ಎಂಜಿನ್ನಿಗೆ ಕೇಡು ಮಾಡುವುದು ದೂರವಷ್ಟೇ ಅಲ್ಲ. ಅರೆಬರೆ ಕಾಯಿಸಿ ಆರಿಸುವ ಪದ್ಧತಿಯೂ ಹೌದು. ಸದಾ ಲಾರಿಯ ಮೇಲೆ ಪ್ರಯಾಣ ಮಾಡುವ ಕಾರಿನ ಮೈಲಿಗಳ ಲೆಕ್ಕ ಕಡಿಮೆಯಿದ್ದರೂ ಅದರ ತಣ್ಣನೆಯ ಚಾಲನೆಗಳ ಲೆಕ್ಕ ದೊಡ್ಡದಿರುತ್ತದೆ.

ದೂರ ಓಡಿದರೆ ಆಗುವುದೇನು?

ಹಾಗಾದರೆ ನಿಪ್ಪಾಣಿಯಿಂದ ಬೆಂಗಳೂರಿನವರೆಗೂ ಓಡಿಸಿಕೊಂಡೇ ಹೋಗಬಹುದೇ? ಇಲ್ಲಿ ಉಷ್ಣದ ನಿಯಮ ಅಡ್ಡಬರುತ್ತದೆ. ರೇಡಿಯೇಟರು ಹೊರಗೆ ಚೆಲ್ಲುವ ಉಷ್ಣವು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ತಾಪದ ಅಂತರವನ್ನು ಅವಲಂಬಿಸಿದೆ. ನೀರು 95 ಡಿಗ್ರಿಯಲ್ಲಿದೆ ಎನ್ನೋಣ. ಚಳಿಗಾಲದ ಮುಂಜಾನೆ ಗಾಳಿ 20 ಡಿಗ್ರಿಯಿದ್ದರೆ ಅಂತರ 75 ಡಿಗ್ರಿ. ಏಪ್ರಿಲಿನ ಮಧ್ಯಾಹ್ನ ಅಥಣಿಯ ಬಯಲಿನಲ್ಲಿ ಗಾಳಿ 40 ಡಿಗ್ರಿಯಿದ್ದರೆ ಅಂತರ 55 ಮಾತ್ರ. ಅದೇ ಕಾರು, ಅದೇ ರಸ್ತೆ, ಅದೇ ವೇಗ. ಆದರೂ ತಣಿಸುವ ಸಾಮರ್ಥ್ಯ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿತು. ಅದರ ಮೇಲೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಬಿಗಿಮುಚ್ಚಳವು ಒತ್ತಡವನ್ನು ಹೆಚ್ಚಿಸಿ ಕುದಿಯುವುದನ್ನು ತಡೆಯುತ್ತದೆ. ಮುಚ್ಚಳದ ರಬ್ಬರು ಹಳತಾಗಿದ್ದರೆ ಆ ರಕ್ಷಣೆಯೂ ಇಲ್ಲ.

ಬೇಸಗೆಯ ಇನ್ನೊಂದು ತೊಂದರೆಯನ್ನು ಹಳೆಯ ಚಾಲಕರೆಲ್ಲ ಬಲ್ಲರು. ಎಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ತಳ್ಳಲೆಂದು ರಚಿತವಾದ ಪಂಪು ಆವಿಯನ್ನು ತಳ್ಳಲಾರದೆ ಸೋಲುತ್ತದೆ. ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಚಾಲಕರು ಪಂಪಿಗೆ ಒದ್ದೆಬಟ್ಟೆ ಸುತ್ತುವರು. ಇದು ಶುದ್ಧ ಭೌತವಿಜ್ಞಾನವೇ ಸರಿ. ಬಟ್ಟೆಯ ನೀರು ಆರುವಾಗ ಪ್ರತಿಯೊಂದು ಗ್ರಾಮಿಗೂ ಸುಮಾರು 2,400 ಜೂಲ್ ಗುಪ್ತೋಷ್ಣವನ್ನು ಪಂಪಿನಿಂದ ಹೀರಿಕೊಳ್ಳುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಬ್ರೇಕಿನ ಪ್ರಶ್ನೆ. ಬೆಳಗಾವಿಯ ಕಡೆಯಿಂದ ನಿಪ್ಪಾಣಿಗೆ ಬರುವಾಗ ಸ್ತವನಿಧಿಯ ಬಳಿ ತವಂದಿ ಘಾಟನ್ನು ಇಳಿಯಬೇಕು. ಸುಮಾರು 1,200 ಕಿಲೋಗ್ರಾಮಿನ ಒಂದು ಕಾರು ಯಾವುದೇ ಘಾಟಿನಲ್ಲಿ 100 ಮೀಟರು ಎತ್ತರವನ್ನು ಇಳಿಯಿತೆಂದು ಎಣಿಸೋಣ. ಅದು ಕಳೆದುಕೊಳ್ಳುವ ಶಕ್ತಿ 12 ಲಕ್ಷ ಜೂಲ್. 60 ಕಿಲೋಮೀಟರು ವೇಗದಲ್ಲಿರುವ ಅದೇ ಕಾರನ್ನು ಒಮ್ಮೆ ನಿಲ್ಲಿಸಲು ಕಳೆಯಬೇಕಾದ ಶಕ್ತಿ 1.67 ಲಕ್ಷ ಜೂಲ್. ಎಂದರೆ ಆ ಇಳಿಜಾರು ಬೆನ್ನುಬೆನ್ನಿಗೆ ಏಳು ಸಲ ಕಾರನ್ನು ನಿಲ್ಲಿಸಿದುದಕ್ಕೆ ಸಮಾನ. ನಾಲ್ಕು ಬ್ರೇಕ್ ಡ್ರಮ್ಮುಗಳು ತಲಾ 8 ಕಿಲೋಗ್ರಾಮಿನವಾಗಿದ್ದು, ಎಲ್ಲ ಉಷ್ಣವೂ ಅವುಗಳಲ್ಲಿಯೇ ನಿಂತರೆ, ತಾಪ ಸುಮಾರು 80 ಡಿಗ್ರಿ ಏರುತ್ತದೆ. ಕಾದ ಡ್ರಮ್ಮು ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುವುದರಿಂದ ಪೆಡಲು ಹೆಚ್ಚು ಕೆಳಗಿಳಿಯುತ್ತದೆ. ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಆದುದರಿಂದಲೇ ಘಾಟನ್ನು ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ತಡೆಯನ್ನು ಬಳಸಿಕೊಂಡು ಇಳಿಯತಕ್ಕದ್ದು. ಇಂದಿನ ವಾಹನಗಳು ಥಟ್ಟನೆ ನಿಲ್ಲಬಲ್ಲವು. ಅವುಗಳ ಹಿಂದೆ ಬರುವ ಹಳೆಯ ಕಾರು ಹಾಗೆ ನಿಲ್ಲಲಾರದು. ಇಲ್ಲಿ ಪಣಕ್ಕೆ ಬೀಳುವುದು ಕಾರಿನ ಬಣ್ಣವಲ್ಲ, ಮನುಷ್ಯರ ಪ್ರಾಣ.

ಹೇರಿದರೆ ಆಗುವುದೇನು?

ಕಾರನ್ನು ಹೇರಿದೊಡನೆ ಈ ಅಪಾಯಗಳೆಲ್ಲ ಮಾಯವಾದವೆಂದು ತಿಳಿಯಬಾರದು. ಅವು ಒಂದು ಯಂತ್ರದಿಂದ ಇನ್ನೊಂದಕ್ಕೆ ವರ್ಗವಾಗುತ್ತವೆ, ಅಷ್ಟೆ. 1,200 ಕಿಲೋಗ್ರಾಮಿನ ಕಾರು, 700 ಕಿಲೋಗ್ರಾಮಿನ ಟ್ರೇಲರು, ಎಳೆಯುವ 2,000 ಕಿಲೋಗ್ರಾಮಿನ ವಾಹನ ಸೇರಿ 3,900 ಕಿಲೋಗ್ರಾಮಾಯಿತು. ಅದೇ 100 ಮೀಟರು ಇಳಿಯುವಾಗ ಈಗ ಕಳೆಯಬೇಕಾದ ಶಕ್ತಿ 39 ಲಕ್ಷ ಜೂಲ್. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಇಷ್ಟನ್ನೂ ಮುಂದಿನ ವಾಹನವೇ ಭರಿಸಬೇಕು.

ಟ್ರೇಲರಿನ ಓಲಾಟವನ್ನು ನಮ್ಮ ಭಾಗದವರಿಗೆ ವಿವರಿಸಬೇಕಾದುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ಸಾಗದವರು ರಾಯಬಾಗ, ಕಾಗವಾಡಗಳ ಕಡೆ ಯಾರಿದ್ದಾರೆ? ಅಲ್ಲಿ ವೇಗ ಕಡಿಮೆಯಾದುದರಿಂದ ಓಲಾಟ ಬೇಗ ಅಡಗುತ್ತದೆ. ಹೆದ್ದಾರಿಯ ವೇಗದಲ್ಲಿ ಹಾಗಲ್ಲ. ಒಂದು ಮಿತಿ ದಾಟಿದ ಮೇಲೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಎಳೆಯುವ ವಾಹನವನ್ನೇ ಅಡ್ಡ ತಿರುಗಿಸುತ್ತದೆ. ಭಾರ ಅಚ್ಚಿನ ಹಿಂದೆ ಹೆಚ್ಚಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಆದುದರಿಂದ ಟ್ರೇಲರಿನ ಒಟ್ಟು ಭಾರದಲ್ಲಿ ಶೇಕಡ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಕಾರನ್ನು ನಿಲ್ಲಿಸುವುದು ವಾಡಿಕೆ. ಅಂಬಾಸಿಡರಿನಂತೆ ಎಂಜಿನ್ನು ಮುಂದಿರುವ ಕಾರನ್ನು ಮುಖ ಮುಂದಾಗಿಯೇ ಹತ್ತಿಸುವುದು ಲೇಸು.

ಇನ್ನು ಕಟ್ಟುವ ಮಾತು. ಲಾರಿ ಗಟ್ಟಿಯಾಗಿ ಬ್ರೇಕು ಹಾಕಿ, ಸೆಕೆಂಡಿಗೆ 6 ಮೀಟರಿನಂತೆ ಪ್ರತಿ ಸೆಕೆಂಡೂ ವೇಗ ಇಳಿಸಿತೆನ್ನೋಣ. ಜಡತ್ವದಿಂದ ಕಾರು ಮುಂದಕ್ಕೆ ನುಗ್ಗುವುದನ್ನು ತಡೆಯಲು 7,200 ನ್ಯೂಟನ್ ಬಲ ಬೇಕು. ಅದು 700 ಕಿಲೋಗ್ರಾಮಿಗೂ ಮಿಕ್ಕ ತೂಕಕ್ಕೆ ಸಮಾನ. ಎರಡು ಪಟ್ಟಿಗಳು 45 ಡಿಗ್ರಿ ಓರೆಯಾಗಿದ್ದರೆ ಅವುಗಳ ಎಳೆತದಲ್ಲಿ ಹತ್ತರಲ್ಲಿ ಏಳು ಪಾಲು ಮಾತ್ರ ಈ ಕೆಲಸಕ್ಕೆ ಒದಗುತ್ತದೆ. ಟೈರಿನ ಘರ್ಷಣೆಯ ನೆರವನ್ನು ಬಿಟ್ಟರೆ ಒಂದೊಂದು ಪಟ್ಟಿಯೂ 5,000 ನ್ಯೂಟನ್‌ಗಿಂತ ಹೆಚ್ಚು ತಾಳಬೇಕು. ಸಾಮಾನ್ಯ ಹಗ್ಗಕ್ಕೆ ಇದನ್ನು ವಹಿಸಬಾರದು. ಅಲ್ಲದೆ ಪಟ್ಟಿಯನ್ನು ಕಾರಿನ ಮೈಗೆ ಕಟ್ಟಿದರೆ, ರಸ್ತೆಯ ಗುಂಡಿಯಲ್ಲಿ ಸ್ಪ್ರಿಂಗು ಕುಗ್ಗಿದಾಗಲೆಲ್ಲ ಪಟ್ಟಿ ಸಡಿಲವಾಗಿ ಮರುಕ್ಷಣ ಜಗ್ಗುತ್ತದೆ. ಚಕ್ರಗಳನ್ನೇ ಹಲಗೆಗೆ ಕಟ್ಟಿದರೆ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸ್ವತಂತ್ರವಾಗಿ ಆಡಿಕೊಂಡಿರುತ್ತದೆ. ಹೊರಟು 20 ಕಿಲೋಮೀಟರಿನೊಳಗೆ ಒಮ್ಮೆ ಇಳಿದು ಪಟ್ಟಿಗಳನ್ನು ನೋಡತಕ್ಕದ್ದು.

ಹಾಗಾದರೆ ತೀರ್ಮಾನವೇನು?

ಇಂಗ್ಲೆಂಡಿನ ಒಂದು ಪದ್ಧತಿಯನ್ನು ಇಲ್ಲಿ ಸ್ಮರಿಸಬಹುದು. 1896ರ ನವೆಂಬರಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ನಡೆದ ಮೋಟಾರು ಯಾತ್ರೆಯ ನೆನಪಿಗಾಗಿ 1927ರಲ್ಲಿ ಪುನರಾರಂಭವಾದ ಓಟ ಇಂದಿಗೂ ನಡೆಯುತ್ತಿದೆ. 1905ಕ್ಕಿಂತ ಮೊದಲು ತಯಾರಾದ ವಾಹನಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಶತಮಾನ ದಾಟಿದ ಆ ಗಾಡಿಗಳು ಸುಮಾರು 60 ಮೈಲಿಗಳನ್ನು ಸ್ವಂತ ಶಕ್ತಿಯಿಂದ ಕ್ರಮಿಸುತ್ತವೆ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಓಟ ನಡೆಯುವುದು ನವೆಂಬರಿನ ತಂಪಿನಲ್ಲಿ. ದೂರದ ಊರುಗಳ ಅನೇಕ ಯಜಮಾನರು ಲಂಡನ್ನಿನವರೆಗೆ ತಮ್ಮ ಗಾಡಿಯನ್ನು ಹೇರಿಕೊಂಡೇ ಬರುತ್ತಾರೆ. ಹೇರುವುದೂ ಓಡಿಸುವುದೂ ಅಲ್ಲಿ ಒಂದಕ್ಕೊಂದು ವೈರಿಗಳಲ್ಲ.

ನಮಗೂ ಇದೇ ಹಾದಿ ಒಪ್ಪುತ್ತದೆ. ನಿಪ್ಪಾಣಿಯಿಂದ ಕೊಲ್ಹಾಪುರ ಸುಮಾರು 40 ಕಿಲೋಮೀಟರು. ಬೆಳಗಾವಿ ಅದರ ಇಮ್ಮಡಿಗಿಂತ ತುಸು ಕಡಿಮೆ. ಕಾರು ಸುಸ್ಥಿತಿಯಲ್ಲಿದ್ದರೆ ಇಂತಹ ದೂರಗಳನ್ನು ಚಳಿಗಾಲದಲ್ಲಿ, ಸೂರ್ಯ ಏರುವ ಮುನ್ನವೇ ಹೊರಟು, ಓಡಿಸಿಕೊಂಡು ಹೋಗುವುದೇ ಕಾರಿಗೆ ಹಿತ. ಎಂಜಿನ್ನು ಪೂರ್ತಿ ಕಾಯುತ್ತದೆ, ತೇವ ಹೊರಹೋಗುತ್ತದೆ, ಹಳೆಯ ಪೆಟ್ರೋಲು ತೀರಿ ಹೊಸದು ಬರುತ್ತದೆ. ಹೊರಡುವ ಮುನ್ನ ಬ್ರೇಕು, ರಬ್ಬರು ಕೊಳವೆಗಳು, ಟೈರುಗಳನ್ನು ಪರೀಕ್ಷಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕೆಗಳು ಅದರ ವಯಸ್ಸನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಅಚ್ಚು ಸವೆಯದಿದ್ದರೂ ರಬ್ಬರು ಮುದಿಯಾಗಿರಬಹುದು.

ಬೆಂಗಳೂರಿನಂತಹ ದೂರಕ್ಕೆ, ಬೇಸಗೆಯ ಹಗಲಿಗೆ, ಮಂದದೀಪದ ಕಾರು ರಾತ್ರಿ ಮರಳಬೇಕಾದಾಗ, ಬ್ರೇಕಿನ ಬಗ್ಗೆ ಕಿಂಚಿತ್ ಸಂದೇಹವಿದ್ದಾಗ, ಹೇರಿಕೊಂಡು ಹೋಗುವುದೇ ವಿವೇಕ. ಆದರೆ ಹೇರಿಕೊಂಡು ಹೋದವರು ಇಳಿಸಿದ ಮೇಲೆ ಕಾರನ್ನು ತಣ್ಣಗೆ ಚಾಲೂ ಮಾಡಿ ಕೂಡಲೇ ಆರಿಸಬಾರದು. ಅಲ್ಲಿಯೇ ಹದಿನೈದು ಇಪ್ಪತ್ತು ಕಿಲೋಮೀಟರು ನಡೆಸಿ ಎಣ್ಣೆಯನ್ನು ಕಾಯಿಸಬೇಕು. ಎರಡು ಪಂಗಡಗಳ ಜಗಳ ದೂರವನ್ನು ಕುರಿತದ್ದು. ಯಂತ್ರವು ಕೇಳುವುದಾದರೋ ದೂರವನ್ನಲ್ಲ, ಹದವಾದ ಕಾವನ್ನು. ಒಲೆಯ ಮೇಲಿನ ರೊಟ್ಟಿಯಂತೆ ಅದು ಹಸಿಯಾಗಿಯೂ ಉಳಿಯಬಾರದು, ಸೀದೂ ಹೋಗಬಾರದು.