ಹಸಿರು ನೀರು ಶರಬತ್ತಲ್ಲ

ಅಕ್ಕಂದಿರೇ, ಈ ಪಾಠ ಒಂದು ಬಾಟಲಿಯಿಂದ ಶುರುವಾಗುತ್ತದೆ.

ಕಳೆದ ಬೇಸಿಗೆಯ ಮಾತು. ಪಾವಗಡದ ಕಡೆ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಏಳಾದರೂ ಬಂಡೆಗಳು ಕಾದ ಹೆಂಚಿನ ಹಾಗೆ ಇದ್ದವು. ನಾವೆಲ್ಲ ಕಲಿಕಾ ಕೇಂದ್ರದಲ್ಲಿ ಕೂತಿದ್ದೆವು. ಒಬ್ಬ ಅಕ್ಕ ಮಾತ್ರ ತಡವಾಗಿ ಬಂದರು. ದಿನಾ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವವರು ಅವರು. ಅವತ್ತು ಅವರ ಕೈ ನಡುಗುತ್ತಿತ್ತು. ಸೆರಗಿನ ಒಳಗಿಂದ ಒಂದು ಬಾಟಲಿ ತೆಗೆದು ನಮ್ಮ ಮುಂದೆ ಇಟ್ಟರು.

"ಮೇಡಮ್ಮಾ, ಇದೇನು ನೋಡಿ. ಮೊಮ್ಮಗ ಮುಚ್ಚಳ ತೆಗೆದು ಬಾಯಿಗೆ ಹಚ್ಚಿಕೊಳ್ಳೋದರಲ್ಲಿದ್ದ. ನಾನು ಕಿತ್ತುಕೊಂಡೆ."

ಅದು ತಂಪು ಪಾನೀಯದ ಹಳೇ ಬಾಟಲಿ. ಒಳಗೆ ಹಸಿರು ನೀರು. ನೋಡಲು ಥೇಟ್ ಶರಬತ್ತು. ಮೂಸಿ ನೋಡಿದರೆ ಹೆಚ್ಚು ವಾಸನೆಯೂ ಇಲ್ಲ. ಅವರ ಮಗ ಬೈಕಿಗೆ ಹಾಕಿ ಉಳಿದದ್ದನ್ನು ಅದರಲ್ಲಿ ತುಂಬಿ ಕಿಟಕಿಯಲ್ಲಿ ಇಟ್ಟು ಹೋಗಿದ್ದ.

ಇದರ ಹೆಸರು ಕೂಲೆಂಟ್. ಅಂದರೆ ತಂಪು ಮಾಡುವಂಥದ್ದು. ಈ ಪದಗಳನ್ನು ಬಿಡಿಸಿ ಓದಿ.

ಕೂ-ಲೆಂಟ್. ರೇ-ಡಿ-ಯೇ-ಟರ್. ಎಂ-ಜಿನ್. ಮು-ಚ್ಚ-ಳ.

ಅವತ್ತು ಬರೆಯಬೇಕಿದ್ದ ಪಾಠ ಬಿಟ್ಟೆವು. ಈ ಹಸಿರು ನೀರಿನ ಪಾಠವೇ ನಡೆಯಿತು. ಈಗ ಊರಲ್ಲಿ ಬೈಕ್ ಇಲ್ಲದ ಬೀದಿ ಇಲ್ಲ. ಗಾಡಿ ಗಂಡಸರದು, ನಮಗ್ಯಾಕೆ ಅಂತ ಕೆಲವರು ಅಂದರು. ಗಾಡಿ ಯಾರದಾದರೂ ಆಗಲಿ, ಅದು ನಿಲ್ಲುವುದು ನಮ್ಮ ಮನೆ ಜಗಲಿಯಲ್ಲೇ. ಅದರ ಡಬ್ಬಿ ಇರುವುದು ನಮ್ಮ ಮನೆ ಗೂಡಿನಲ್ಲೇ.

ಎಂಜಿನ್ನಿನ ಒಳಗೆ ಪೆಟ್ರೋಲ್ ಉರಿಯುತ್ತದೆ. ಉರಿದರೆ ಶಾಖ. ಶಾಖ ಹೊರಗೆ ಹೋಗದಿದ್ದರೆ ಒಳಗಿನ ಲೋಹ ಹಿಗ್ಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಎಂಜಿನ್ ಸೀಜ್ ಆಯ್ತು ಅಂತಾರಲ್ಲ, ಅದೇ. ರಿಪೇರಿಗೆ ಸಾವಿರಾರು ರೂಪಾಯಿ ಬೇಕು.

ಎಲ್ಲಾ ಬೈಕಿಗೂ ಕೂಲೆಂಟ್ ಬೇಕಿಲ್ಲ. ಇದನ್ನು ಮೊದಲು ತಿಳಿಯಿರಿ. ನಮ್ಮ ಕಡೆ ಹೆಚ್ಚು ಓಡುವ ಸ್ಪ್ಲೆಂಡರ್‌ನಂಥ ಗಾಡಿಗಳು ಗಾಳಿಯಿಂದಲೇ ತಣ್ಣಗಾಗುತ್ತವೆ. ಅವುಗಳ ಎಂಜಿನ್ ಮೈಮೇಲೆ ಬಾಚಣಿಗೆ ಹಲ್ಲಿನಂತೆ ಸಾಲು ಸಾಲು ತಗಡು ಇರುತ್ತದೆ. ಗಾಡಿ ಓಡುವಾಗ ಗಾಳಿ ಆ ಸಂದಿಯಲ್ಲಿ ನುಗ್ಗಿ ಶಾಖ ಒಯ್ಯುತ್ತದೆ. ಅಂಥ ಗಾಡಿಗೆ ಕೂಲೆಂಟ್ ಹಾಕುವ ಜಾಗವೇ ಇಲ್ಲ. ಅಂಗಡಿಯವರು ಕೊಟ್ಟರೂ ತರಬೇಡಿ.

ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಸುತ್ತ ದ್ರವ ಹರಿಯುತ್ತದೆ. ಯಮಹಾ ಆರ್15 ಅಂಥದ್ದು, ಅದು 2008ರಲ್ಲಿ ಬಂತು. ಪಲ್ಸರ್ 200 ಎನ್‌ಎಸ್ ಮತ್ತು ಕೆಟಿಎಂ 200 ಡ್ಯೂಕ್ 2012ರಲ್ಲಿ ಬಂದವು. ಈಗ ಇನ್ನೂ ಹಲವು ಇವೆ. ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ. ಜರಡಿಯಂತೆ ಕಾಣುವ ಕಪ್ಪು ಹಲಗೆ ಇದ್ದರೆ ಅದೇ ರೇಡಿಯೇಟರ್. ಎಂಜಿನ್ನಿನ ಶಾಖ ಹೊತ್ತು ತಂದ ದ್ರವ ಇಲ್ಲಿ ಗಾಳಿಗೆ ಆರುತ್ತದೆ. ಆರಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಇಲ್ಲೊಂದು ಮೋಸ ಇದೆ. ಅಪಾಚೆ 200ರಂಥ ಕೆಲವು ಗಾಡಿಗಳಲ್ಲಿ ಚಿಕ್ಕ ಜರಡಿ ಇರುತ್ತದೆ, ಅದು ಎಂಜಿನ್ ಆಯಿಲ್ ಆರಿಸುವುದಕ್ಕೆ. ಅದಕ್ಕೂ ಕೂಲೆಂಟಿಗೂ ಸಂಬಂಧ ಇಲ್ಲ. ಕೂಲೆಂಟ್ ಗಾಡಿಯಾದರೆ ಒಂದು ಪ್ಲಾಸ್ಟಿಕ್ ಡಬ್ಬಿ ಇದ್ದೇ ಇರುತ್ತದೆ. ಅದರ ಮೇಲೆ ಎರಡು ಗೆರೆ ಇರುತ್ತವೆ.

"ನೀರು ಹಾಕಿದ್ರೆ ಆಗಲ್ವಾ? ನಮ್ಮ ಬೋರಿನ ನೀರು ಫ್ರೀ ಅಲ್ವಾ?" ಎಂದು ಒಬ್ಬರು ಕೇಳಿದರು.

ಒಳ್ಳೇ ಪ್ರಶ್ನೆ. ನಾವು ತಿರುಗಿ ಕೇಳಿದೆವು, "ನಿಮ್ಮ ಬಚ್ಚಲ ಹಂಡೆಯ ಒಳಗೆ ಏನು ಕಟ್ಟಿಕೊಂಡಿದೆ?"

"ಸುಣ್ಣದ ಹಾಗೆ ಬಿಳೀದು. ಕಲ್ಲು ತಗೊಂಡು ಕೆರೆದರೂ ಬರಲ್ಲ."

ಅದೇ ಉತ್ತರ. ನಮ್ಮ ಬೋರಿನ ನೀರು ಗಡಸು ನೀರು. ಕಾದಾಗ ಅದರ ಲವಣ ಗಟ್ಟಿಯಾಗಿ ಅಂಟುತ್ತದೆ. ಹಂಡೆಯ ಹೊಟ್ಟೆ ದೊಡ್ಡದು, ತಡೆಯುತ್ತದೆ. ರೇಡಿಯೇಟರಿನ ಕೊಳವೆ ಬಲು ಸಣ್ಣವು. ಅವು ಕಟ್ಟಿಕೊಂಡರೆ ದ್ರವ ಹರಿಯದು. ಬರೀ ನೀರಿನಲ್ಲಿ ಲೋಹ ತುಕ್ಕೂ ಹಿಡಿಯುತ್ತದೆ.

ಕೂಲೆಂಟ್ ಅಂದರೂ ಅದರಲ್ಲಿ ನೀರು ಇದೆ. ಲವಣ ತೆಗೆದ ನೀರು. ಅದಕ್ಕೆ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ತುಕ್ಕು ತಡೆಯುವ ಮದ್ದು, ಗುರುತಿಗೆ ಬಣ್ಣ ಸೇರಿಸಿರುತ್ತಾರೆ. ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಗ್ಲೈಕಾಲ್ ಆದರೆ 107 ಡಿಗ್ರಿ ಹತ್ತಿರ ಕುದಿಯುತ್ತದೆ. ಚಳಿಗೆ ಹೆಪ್ಪುಗಟ್ಟುವುದೂ ತಪ್ಪುತ್ತದೆ. ಹಿಮ ಬೀಳುವ ಲಡಾಖಿನಲ್ಲಿ ಅದು ದೊಡ್ಡ ಮಾತು. ನಮಗೆ ಕುದಿ ಮತ್ತು ತುಕ್ಕಿನದೇ ಚಿಂತೆ.

ಈಗ ಅಂಗಡಿಗೆ ಹೋಗೋಣ.

ಹಸಿರು, ಕೆಂಪು, ನೀಲಿ, ಗುಲಾಬಿ, ಎಲ್ಲಾ ಬಣ್ಣದ ಡಬ್ಬಿ ಇಟ್ಟಿರುತ್ತಾರೆ. "ಹಳೇದು ಹಸಿರು ಇತ್ತಾ? ಹಂಗಾದರೆ ಹಸಿರು ಹಾಕಿ" ಅಂತಾರೆ. ಬಣ್ಣ ನಂಬಬೇಡಿ. ಬಣ್ಣವನ್ನು ಕಂಪನಿಯವರು ತಮಗೆ ಬೇಕಾದಂತೆ ಹಾಕುತ್ತಾರೆ. ಎರಡು ಹಸಿರು ಡಬ್ಬಿಯಲ್ಲಿ ಬೇರೆ ಬೇರೆ ಮದ್ದು ಇರಬಹುದು. ಹೊಂದದ ಮದ್ದು ಬೆರೆತರೆ ತುಕ್ಕು ತಡೆಯುವ ಗುಣ ಕೆಡುತ್ತದೆ. ಕೆಲವು ಸಲ ಗಸಿಯೂ ಕಟ್ಟುತ್ತದೆ. ಗಾಡಿಯ ಜೊತೆ ಒಂದು ಪುಸ್ತಿಕೆ ಕೊಟ್ಟಿರುತ್ತಾರೆ. ಯಾವ ಕೂಲೆಂಟ್ ಎಂದು ಅದರಲ್ಲಿ ಬರೆದಿರುತ್ತದೆ. ಪುಸ್ತಿಕೆ ಇಲ್ಲದಿದ್ದರೆ ಆ ಗಾಡಿಯ ಕಂಪನಿ ಷೋರೂಮಿನಲ್ಲಿ ಕೇಳಿ. ಕೂಲೆಂಟಿನ ಹೆಸರು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

ಡಬ್ಬಿಯಲ್ಲಿ ಎರಡು ಜಾತಿ. ಒಂದು, ನೀರು ಬೆರೆಸಿಯೇ ಕೊಟ್ಟದ್ದು. ಇದಕ್ಕೆ ಪ್ರಿಮಿಕ್ಸ್ ಅಥವಾ ರೆಡಿ ಟು ಯೂಸ್ ಎನ್ನುತ್ತಾರೆ. ಹಾಗೇ ಸುರಿಯಬಹುದು. ಇನ್ನೊಂದು ಗಟ್ಟಿಯದು, ಕಾನ್ಸಂಟ್ರೇಟ್. ಇದಕ್ಕೆ ನೀರು ಬೆರೆಸಬೇಕು. ಡಬ್ಬಿಯ ಬರವಣಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಇದು ನಮಗೂ ಸಿಟ್ಟು ತರುವ ವಿಷಯ. ಕನ್ನಡದವರು ಕೊಳ್ಳುವ ಡಬ್ಬಿಗೆ ಒಂದು ಸಾಲು ಕನ್ನಡ ಬರೆದರೆ ಅವರ ಗಂಟೇನು ಹೋಗುತ್ತೆ? ಆದರೂ ಅಂಕಿ ನಿಮಗೆ ಬರುತ್ತದಲ್ಲ. 1:1 ಅಂದರೆ ಒಂದು ಲೋಟಕ್ಕೆ ಒಂದು ಲೋಟ ನೀರು. 1:3 ಅಂದರೆ ಒಂದು ಲೋಟಕ್ಕೆ ಮೂರು ಲೋಟ ನೀರು. ಇಂಥ ಅಂಕಿ ಕಂಡರೆ ಇದು ಬೆರೆಸುವ ಜಾತಿಯೋ ಎಂದು ಕೇಳಿ. ಅಂಗಡಿಯವರಿಂದಲೇ ಓದಿಸಿ. ನಾಚಿಕೆ ಬೇಡ. ಬೆರೆಸುವ ನೀರು ನಲ್ಲಿಯದಲ್ಲ, ಬೋರಿನದಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು.

ನಮಗೂ ಒಮ್ಮೆ ಒಂದು ಅಂಗಡಿಯಲ್ಲಿ ಗಟ್ಟಿ ಡಬ್ಬಿ ಕೊಟ್ಟು ಕಳಿಸಿದ್ದರು. ನೀರು ಬೆರೆಸಬೇಕು ಅಂತ ಹೇಳಲೇ ಇಲ್ಲ. ಮನೆಗೆ ಬಂದು ಓದಿದಾಗ ಗೊತ್ತಾಯಿತು. ಬೈಕಿಗೆ ನಮ್ಮ ಸಲಹೆ ಪ್ರಿಮಿಕ್ಸ್. ಬೆರೆಸುವ ತಾಪತ್ರಯ ಇಲ್ಲ, ಅಳತೆ ತಪ್ಪುವ ಭಯ ಇಲ್ಲ.

ಮಾರನೇ ದಿನ ಬೆಳಿಗ್ಗೆ ನಾವು ನಾಲ್ಕು ಜನ ಆ ಅಕ್ಕನ ಮನೆಗೆ ಹೋದೆವು. ಬೆಳಿಗ್ಗೆಯೇ ಯಾಕೆ? ರಾತ್ರಿಯೆಲ್ಲ ನಿಂತ ಗಾಡಿ ತಣ್ಣಗಿರುತ್ತದೆ. ತಣ್ಣಗಿದ್ದಾಗ ಮಾತ್ರ ಇದಕ್ಕೆ ಕೈ ಹಾಕಬೇಕು.

ಅಕ್ಕನ ಮಗ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿದ. ಪಕ್ಕದ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತರೆ ಗೆರೆ ಸುಳ್ಳು ಹೇಳುತ್ತದೆ. ಆದ್ದರಿಂದ ನೆಟ್ಟಗೆ ಹಿಡಿದುಕೊಂಡ. ಅಕ್ಕ ಬಗ್ಗಿ ಪ್ಲಾಸ್ಟಿಕ್ ಡಬ್ಬಿ ಹುಡುಕಿದರು. ಟಾರ್ಚ್ ಬಿಟ್ಟಾಗ ಒಳಗಿನ ಹಸಿರು ಕಂಡಿತು. ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗೆ ಇತ್ತು.

"ಎರಡು ಗೆರೆ ಮಧ್ಯೆ ಇರಬೇಕು, ಅಲ್ವಾ?" ಎಂದರು. ಹೌದು. ಡಬ್ಬಿಯ ಮುಚ್ಚಳ ತೆಗೆದು, ಸಣ್ಣ ಆಲಿಕೆ ಇಟ್ಟು, ನಿಧಾನಕ್ಕೆ ಸುರಿದರು. ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಲ್ಲಿಸಿದರು. ತುಂಬಿ ತುಳುಕಿಸಬಾರದು. ಬಿಸಿಯಾದಾಗ ದ್ರವ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಚೆಲ್ಲಿದ ನಾಲ್ಕು ಹನಿಯನ್ನು ಹಳೇ ಬಟ್ಟೆಯಿಂದ ಒರೆಸಿ, ನೀರು ಹಾಕಿ ತೊಳೆದರು. ಟೈರಿಗೆ ತಗುಲಿದರೆ ಜಾರುತ್ತದೆ.

ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನು ಇಷ್ಟು ದಿನ ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ಸುರಿಯುತ್ತಿದ್ದನಂತೆ. ಅದೂ ಊರಿಂದ ಬಂದ ಕೂಡಲೇ.

ಅಕ್ಕಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ನಿಮಗೆ ಕುಕ್ಕರ್ ಗೊತ್ತು. ಕೂಗಿದ ಕುಕ್ಕರಿನ ಮುಚ್ಚಳವನ್ನು ಒತ್ತಡ ಇಳಿಯುವ ಮೊದಲು ತೆಗೆದರೆ ಏನಾಗುತ್ತದೆ? ಬೇಳೆ ಸೂರಿಗೆ ಹಾರುತ್ತದೆ, ಮುಖ ಸುಡುತ್ತದೆ. ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ಮುಚ್ಚಳದಂತೆಯೇ. ಒಳಗೆ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ದ್ರವ 120 ಡಿಗ್ರಿಯಲ್ಲೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗುತ್ತದೆ. ಎಲ್ಲಾ ಒಮ್ಮೆಗೇ ಕುದಿದು, ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ನಮ್ಮ ಮನೆಯವರಿಗೇ ಒಮ್ಮೆ ಹೀಗಾಗಿ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಒಂದು ತಿಂಗಳು ತುತ್ತು ಕಲಸಲು ಆಗಲಿಲ್ಲ.

ದಾರಿಯಲ್ಲಿ ಶಾಖದ ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸಿ ಆಫ್ ಮಾಡಬೇಕು. ನೆರಳಲ್ಲಿ ಕಾಯಬೇಕು. ಮುಚ್ಚಳ ಮುಟ್ಟಬಾರದು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು, ಲೋಹ ಬಿರುಕು ಬಿಡಬಹುದು. ಪೂರ್ತಿ ಆರಲು ಒಂದು ಗಂಟೆ ಆದರೂ ಆಗಲಿ. ಆಮೇಲೆ ಪ್ಲಾಸ್ಟಿಕ್ ಡಬ್ಬಿ ನೋಡಿ. ಬೇರೇನೂ ಸಿಗದಿದ್ದರೆ ಕುಡಿಯುವ ಶುದ್ಧ ನೀರು ಸ್ವಲ್ಪ ಹಾಕಿ ಊರು ಮುಟ್ಟಬಹುದು. ಮುಟ್ಟಿದ ಮೇಲೆ ಮೆಕ್ಯಾನಿಕ್‌ಗೆ ಹೇಳಿ ಹೊಸ ಕೂಲೆಂಟ್ ಹಾಕಿಸಬೇಕು. ಯಾರಿಗಾದರೂ ಸುಟ್ಟರೆ, ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಲ್ಲಿ ಹಿಡಿಯಿರಿ. ಪೇಸ್ಟ್, ಇಂಕು, ಅರಿಶಿನ ಏನೂ ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ.

ಡಬ್ಬಿ ಪದೇ ಪದೇ ಖಾಲಿಯಾದರೆ ತುಂಬಿಸುತ್ತಾ ಕೂರಬೇಡಿ. ಎಲ್ಲೋ ಸೋರುತ್ತಿದೆ. ರಬ್ಬರ್ ಪೈಪಿನ ಕೊನೆ, ಗಾಡಿ ನಿಂತ ನೆಲ ನೋಡಿ. ಹನಿ ಕಾಣದಿದ್ದರೆ ಎಂಜಿನ್ನಿನ ಒಳಗೇ ಹೋಗುತ್ತಿರಬಹುದು. ಆಗ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಾಣಬಹುದು. ತಡಮಾಡದೆ ಮೆಕ್ಯಾನಿಕ್ ಹತ್ತಿರ ಕಳಿಸಿ. ಕೂಲೆಂಟಿಗೂ ಆಯಸ್ಸು ಇದೆ. ಎಷ್ಟು ವರ್ಷಕ್ಕೆ ಬದಲಾಯಿಸಬೇಕು ಎಂಬುದು ಪುಸ್ತಿಕೆಯಲ್ಲಿ ಇರುತ್ತದೆ.

ಈಗ ಬಾಟಲಿಗೆ ಬರೋಣ. ಎಲ್ಲಕ್ಕಿಂತ ದೊಡ್ಡ ಮಾತು ಇದು.

ಎಥಿಲೀನ್ ಗ್ಲೈಕಾಲ್ ವಿಷ. ಕಹಿ ಇದ್ದಿದ್ದರೆ ಮಗು ಉಗುಳುತ್ತಿತ್ತು. ಇದು ಸಿಹಿ. ಅದೇ ಅಪಾಯ. ಮಕ್ಕಳಿಗೆ ಸ್ವಲ್ಪವೇ ಸಾಕು. ನಾಯಿ, ಬೆಕ್ಕು, ಕರು ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿದರೂ ಸಾಯಬಹುದು. ಕುಡಿದವರು ಮೊದಲು ಹೆಂಡ ಕುಡಿದವರ ಹಾಗೆ ತೂರಾಡುತ್ತಾರೆ. ವಾಂತಿ ಬರಬಹುದು. ಆಮೇಲೆ ಸುಧಾರಿಸಿದಂತೆ ಕಾಣಬಹುದು. ಅದನ್ನು ನಂಬಿ ಮನೆಯಲ್ಲಿ ಉಳಿಯಬೇಡಿ. ಒಳಗೆ ಮೂತ್ರಪಿಂಡ ಕೆಡುತ್ತಿರುತ್ತದೆ. ಕುಡಿದ ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಅದರಿಂದ ಗೊತ್ತಾಗುತ್ತದೆ. ಇದಕ್ಕೆ ಮದ್ದು ಇದೆ, ಬೇಗ ಹೋದರೆ ಕೆಲಸ ಮಾಡುತ್ತದೆ.

ಉಳಿದ ಕೂಲೆಂಟ್ ಅದರ ಸ್ವಂತ ಡಬ್ಬಿಯಲ್ಲೇ ಇರಲಿ. ಮುಚ್ಚಳ ಬಿಗಿಯಾಗಿ ಇರಲಿ. ಮಕ್ಕಳ ಕೈಗೆ ಸಿಗದ ಅಟ್ಟದ ಮೇಲೆ, ಬೀಗ ಇದ್ದರೆ ಬೀಗದ ಒಳಗೆ ಇಡಿ. ಗಾಡಿಯಿಂದ ತೆಗೆದ ಹಳೇ ಕೂಲೆಂಟನ್ನು ಮೋರಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ದನ ಕುಡಿಯುವ ನೀರಿಗೆ ಸೇರುತ್ತದೆ. ಮೆಕ್ಯಾನಿಕ್ ಅಂಗಡಿಯಲ್ಲೇ ಬಿಟ್ಟು ಬರಲಿ.

ಅಕ್ಕನ ಮನೆಯ ದೊಡ್ಡ ಡಬ್ಬಿ ಇನ್ನೂ ಇತ್ತು. ಬಾಟಲಿಯಲ್ಲಿದ್ದುದನ್ನು ಮತ್ತೆ ಅದಕ್ಕೆ ಸುರಿಯಲಿಲ್ಲ. ಜ್ಯೂಸಿನ ಪಸೆ ಸೇರಿದ್ದು ಗಾಡಿಗೂ ಬೇಡ ಅಂತ ಮೆಕ್ಯಾನಿಕ್ ಅಂಗಡಿಗೆ ಕಳಿಸಿದೆವು. ಬಾಟಲಿಯನ್ನು ಚಚ್ಚಿ ಎಸೆದರು. ಆಮೇಲೆ ಅಕ್ಕ ಒಳಗಿಂದ ಬಿಳಿ ಕಾಗದ, ಸ್ಕೆಚ್ ಪೆನ್ನು ತಂದರು. ಮಂಡಿಯೂರಿ ಕೂತು ಬರೆದರು.

"ವಿಶ. ಕುಡಿಯಬೇಡಿ. ಬೈಕಿನದು."

ನಾವು ನೋಡಿ, "ಅಕ್ಕಾ, ಹೊಟ್ಟೆ ಸೀಳಿದ ಷ ಬರಬೇಕು" ಎಂದೆವು. ಅವರು ನಕ್ಕು, ಶ ಹೊಡೆದು ಹಾಕಿ ಷ ಬರೆದರು. ಓದಲು ಬಾರದ ಮೊಮ್ಮಗನಿಗಾಗಿ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಒಂದು ದೊಡ್ಡ ಅಡ್ಡಗೀಟು ಎಳೆದರು. ಅಂಟು ಹಚ್ಚಿ ಡಬ್ಬಿಗೆ ಅಂಟಿಸಿದರು.

ನಿಮ್ಮ ಮನೆಯಲ್ಲೂ ಸೀಮೆಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಔಷಧಿ, ಕೂಲೆಂಟ್ ಇಂಥವು ಬೇರೆ ಬಾಟಲಿಯಲ್ಲಿ ಇವೆಯೇ? ಇಂದೇ ಹುಡುಕಿ. ಎಲ್ಲೆಲ್ಲಿ ಏನಿತ್ತು ಎಂದು ನಾಳಿನ ಪಾಠಕ್ಕೆ ಬರೆದುಕೊಂಡು ಬನ್ನಿ.