ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಬೇಕೆ?



ಕಾಫಿ ತೋಟದಲ್ಲಿ ಒಂದು ಗಿಡ ಸತ್ತರೆ ನೀವು ಏನು ಮಾಡುತ್ತೀರಿ? ಮರುದಿನವೇ ಅದೇ ಗುಣಿಗೆ ಇನ್ನೊಂದು ಸಸಿಯನ್ನು ತಂದು ನೆಡುವುದಿಲ್ಲ. ಮೊದಲು ಸತ್ತ ಗಿಡವನ್ನು ಕಿತ್ತು ನೋಡುತ್ತೀರಿ. ಬಿಳಿ ಕಾಂಡಕೊರಕ ಹೊಕ್ಕಿತ್ತೆ, ಬೇರು ಕೊಳೆತಿತ್ತೆ, ಗುಣಿಯಲ್ಲಿ ನೀರು ನಿಂತಿತ್ತೆ ಎಂದು ಪರೀಕ್ಷಿಸುತ್ತೀರಿ. ಕಾರಣ ತಿಳಿದು, ಗುಣಿಯನ್ನು ಸರಿಪಡಿಸಿ, ಆ ಬಳಿಕ ಮಳೆ ನೋಡಿ ನೆಡುತ್ತೀರಿ. ಬಾಯಿಯ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಅನೇಕರು ಇಷ್ಟು ವಿಚಾರ ಮಾಡುವುದಿಲ್ಲ. ಕಾಳುಮೆಣಸು ಮಾರಿದ ಹಣ ಕೈಗೆ ಬಂದ ವರ್ಷ, ಯಾರೋ ಹೇಳಿದರೆಂದು, ಬಿದ್ದ ಹಲ್ಲಿಗೆಲ್ಲ ಇಂಪ್ಲಾಂಟ್ ಹಾಕಿಸಲು ಹೊರಡುತ್ತಾರೆ. ಒಂದೊಂದು ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ ಹಿಡಿಯುವ ಕೆಲಸವಿದು. ಆದುದರಿಂದ ಹಣ ಕೊಡುವ ಮೊದಲು ಅದು ನಿಮಗೆ ತಕ್ಕುದೇ ಎಂದು ತಿಳಿಯುವುದು ಅವಶ್ಯ.

ಇಂಪ್ಲಾಂಟ್ ಎಂದರೇನು? ಅದು ಟೈಟಾನಿಯಂ ಲೋಹದ ಒಂದು ಸಣ್ಣ ತಿರುಪು ಮೊಳೆ. ಸುಮಾರು 10 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ದಪ್ಪ. ಹಲ್ಲಿಲ್ಲದ ಕಡೆ ದವಡೆಯ ಮೂಳೆಯನ್ನು ಕೊರೆದು ಇದನ್ನು ಕೂರಿಸುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಮೂಳೆ ಅದಕ್ಕೆ ಅಂಟಿ ಬೆಳೆಯುತ್ತದೆ. ಆಮೇಲೆ ಮೇಲಿನ ಹಲ್ಲಿನ ಕ್ಯಾಪನ್ನು ಜೋಡಿಸುತ್ತಾರೆ. ಮೂಳೆಯು ಟೈಟಾನಿಯಂಗೆ ಹೀಗೆ ಅಂಟಿಕೊಳ್ಳುವುದನ್ನು ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬುವರು 1952ರಲ್ಲಿ ಮೊಲದ ಕಾಲಿನ ಮೂಳೆಯನ್ನು ಪರೀಕ್ಷಿಸುತ್ತಿರುವಾಗ ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಹಾಕಿದರು. ಆ ರೋಗಿ ನಾಲ್ವತ್ತು ವರ್ಷ ಅದರಲ್ಲೇ ಉಂಡರು. ಯೋಗ್ಯರಾದವರಿಗೆ ಹಾಕಿ, ಶುಚಿಯಾಗಿಟ್ಟುಕೊಂಡರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಇಂಪ್ಲಾಂಟುಗಳು ಹತ್ತು ವರ್ಷ ನಿಲ್ಲುತ್ತವೆ. “ಯೋಗ್ಯರಾದವರಿಗೆ” ಎಂಬ ಮಾತನ್ನು ಮರೆಯಬೇಡಿ.

ಮೊದಲನೆಯ ಪ್ರಶ್ನೆ: ಹಲ್ಲು ಏಕೆ ಹೋಯಿತು? ಬಿದ್ದು ಪೆಟ್ಟಾಗಿ ಹೋದ ಹಲ್ಲು ಒಂದು ಬಗೆ, ವಸಡಿನಲ್ಲಿ ರಕ್ತ ಕೀವು ಬಂದು ಅಲುಗಾಡಿ ಹೋದ ಹಲ್ಲು ಇನ್ನೊಂದು ಬಗೆ. ವಸಡಿನ ರೋಗವನ್ನು ಹಾಗೆಯೇ ಬಿಟ್ಟು ಇಂಪ್ಲಾಂಟ್ ಹಾಕಿಸಿದರೆ, ಕೊರಕ ಇರುವ ತೋಟಕ್ಕೆ ಹೊಸ ಗಿಡ ನೆಟ್ಟಂತೆಯೇ. ಅದೇ ರೋಗ ಮೊಳೆಯ ಸುತ್ತಲಿನ ಮೂಳೆಯನ್ನೂ ತಿನ್ನುತ್ತದೆ. ಮೊಳೆ ಲೋಹದ್ದಾದ್ದರಿಂದ ಅದಕ್ಕೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಹಿಡಿದು ನಿಲ್ಲಿಸುವ ಮೂಳೆಯೇ ಹೋದರೆ ಮೊಳೆ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ?

ಎರಡನೆಯದು ಮೂಳೆ. ಹಲ್ಲು ಕಿತ್ತ ಮೇಲೆ ಆ ಭಾಗದ ಮೂಳೆ ಸವೆಯತೊಡಗುತ್ತದೆ, ಮೊದಲ ವರ್ಷದಲ್ಲಿಯೇ ಹೆಚ್ಚು. ಇಪ್ಪತ್ತು ವರ್ಷದಿಂದ ಹಲ್ಲಿಲ್ಲದ ಬಾಯಿಯಲ್ಲಿ ಮೂಳೆ ತೀರ ತೆಳುವಾಗಿರುವುದುಂಟು. ಎಕ್ಸ್‌-ರೇ ಅಥವಾ ದವಡೆಯ ಸ್ಕ್ಯಾನ್ ಇಲ್ಲದೆ, ಬರಿಯ ಕಣ್ಣಿನಿಂದ ನೋಡಿ “ಹಾಕಬಹುದು” ಎಂದವರ ಮಾತಿಗೆ ಒಪ್ಪಬೇಡಿ. ಮೂಳೆ ಸಾಲದಿದ್ದರೆ ಮೂಳೆಪುಡಿ ತುಂಬಿ ಬೆಳೆಸುವ ಕ್ರಮವಿದೆ. ಖರ್ಚೂ ಕಾಲವೂ ಆಗ ಹೆಚ್ಚುತ್ತವೆ.

ಮೂರನೆಯದು ಶರೀರಸ್ಥಿತಿ. ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಬೇಡವೆಂದಲ್ಲ. ಅದು ಹತೋಟಿಯಲ್ಲಿರಬೇಕು. ಒಂದು ದಿನದ ಸಕ್ಕರೆಯಲ್ಲ, ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯ ಚೀಟಿಯನ್ನು ಜೊತೆಗೆ ಒಯ್ಯಿರಿ. ಬೀಡಿ, ಸಿಗರೇಟು ಸೇದುವವರಲ್ಲಿ ಗಾಯ ತಡವಾಗಿ ಮಾಯುತ್ತದೆ, ಮೊಳೆ ಕೂಡಿಕೊಳ್ಳದೆ ಹೋಗುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ಮಾತ್ರೆ ನುಂಗುವವರು ಅಥವಾ ವರ್ಷಕ್ಕೊಮ್ಮೆ ಔಷಧಿ ಏರಿಸಿಕೊಳ್ಳುವವರು ಅದನ್ನು ದಂತವೈದ್ಯರಿಗೆ ತಪ್ಪದೆ ಹೇಳತಕ್ಕದ್ದು. ಈ ಔಷಧಿಗಳಿರುವಾಗ ದವಡೆಯ ಮೂಳೆಯನ್ನು ಕೊರೆದರೆ ಕೆಲವರಲ್ಲಿ ಅದು ಮಾಯದೆ ಸಾಯುತ್ತದೆ. ಗಂಟಲು, ದವಡೆಗೆ ವಿಕಿರಣ ಚಿಕಿತ್ಸೆ ಪಡೆದವರೂ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿ ಹೋಗಬೇಡಿ. ಹದಿನೆಂಟು ತುಂಬದ ಮಕ್ಕಳಿಗೆ ದವಡೆ ಬೆಳೆಯುತ್ತಿರುವುದರಿಂದ ಇದು ಸಲ್ಲದು.

ಅಡಿಕೆ ಜಗಿಯುವವರಿಗೆ ಇನ್ನೊಂದು ಮಾತು. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಬಾಯೊಳಗೆ ತೂರಿಸಿ ನೋಡಿ. ಹೋಗದಿದ್ದರೆ, ಖಾರ ತಿಂದಾಗ ಕೆನ್ನೆಯ ಒಳಗೆ ಉರಿಯುತ್ತಿದ್ದರೆ, ಇಂಪ್ಲಾಂಟಿನ ಮಾತು ಆಮೇಲಾಗಲಿ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿಯುವ ರೋಗ ಅದಾಗಿರಬಹುದು. ಮುಂದೆ ಕ್ಯಾನ್ಸರಿಗೆ ದಾರಿಯಾಗುವ ರೋಗ. ಅಡಿಕೆ ಬಿಟ್ಟು ಅದನ್ನು ಮೊದಲು ತೋರಿಸಿ. ಹಲ್ಲು ಕಾಯಬಹುದು, ಇದು ಕಾಯುವುದಿಲ್ಲ.

ಇನ್ನು ಒಂದೇ ಮನೆಯ ಇಬ್ಬರನ್ನು ಊಹಿಸಿಕೊಳ್ಳಿ. ಮಗನಿಗೆ ಮೂವತ್ತೈದು ವರ್ಷ, ಮರ ಕಸಿಯುವಾಗ ಕೊಂಬೆ ತಾಗಿ ಮುಂದಿನ ಒಂದು ಹಲ್ಲು ಹೋಗಿದೆ, ಅಕ್ಕಪಕ್ಕದ ಹಲ್ಲುಗಳು ಗಟ್ಟಿ. ಬ್ರಿಜ್ ಕಟ್ಟಿಸಿದರೆ ಆ ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಇಂಥವರಿಗೆ ಇಂಪ್ಲಾಂಟ್ ಬಲು ಅನುಕೂಲ. ತಾಯಿಗೆ ಎಪ್ಪತ್ತು, ಒಂದೂ ಹಲ್ಲಿಲ್ಲ. ಅವರಿಗೆ ಬಾಯಿ ತುಂಬ ಇಂಪ್ಲಾಂಟ್ ಹಾಕಿಸಲು ತೋಟವನ್ನು ಒತ್ತೆ ಇಡಬೇಕೆ? ಬೇಕಿಲ್ಲ. ತೆಗೆದು ಹಾಕುವ ಹಲ್ಲಿನ ಸೆಟ್ಟಿನಲ್ಲಿ ಬಹಳ ಜನ ಸುಖವಾಗಿ ಊಟ ಮಾಡುತ್ತಿದ್ದಾರೆ. ಮೇಲಿನ ಸೆಟ್ಟು ಅಂಗುಳಿಗೆ ಕಚ್ಚಿ ನಿಲ್ಲುತ್ತದೆ; ಜಾರಿ ಗೋಳುಹೊಯ್ಯುವುದು ಕೆಳಗಿನದು. ಅಂಥ ಸಂದರ್ಭದಲ್ಲಿ ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿಸಿ, ಸೆಟ್ಟನ್ನು ಗುಂಡಿಯಂತೆ ಅದರ ಮೇಲೆ ಒತ್ತಿ ಕೂರಿಸುವ ವಿಧಾನವಿದೆ. ಅಕ್ಕಿ ರೊಟ್ಟಿ ಹರಿದು ತಿನ್ನಲಾರದವರಿಗೆ ಇದು ದೊಡ್ಡ ಉಪಕಾರ. ಬಾಯಿಯ ಕಟ್ಟಕಡೆಯ ಒಂದು ದವಡೆ ಹಲ್ಲು ಮಾತ್ರ ಹೋಗಿ, ಊಟಕ್ಕೆ ತೊಂದರೆ ಇಲ್ಲದಿದ್ದರೆ ಏನನ್ನೂ ಹಾಕಿಸದೆ ಇರುವುದೂ ಒಂದು ತೀರ್ಮಾನವೇ. ದಂತವೈದ್ಯರನ್ನೇ ಹಾಗೆಂದು ಕೇಳಿ ನೋಡಿ.

ಬಡತನದ ರೇಖೆಗಿಂತ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರವು 2014-15ರಲ್ಲಿ ಆರಂಭಿಸಿತು. ಪಡಿತರ ಚೀಟಿಯೊಡನೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿರಿ. ವಿರಾಜಪೇಟೆಯ ಮಗ್ಗುಲದಲ್ಲಿ 1999ರಲ್ಲಿ ಸ್ಥಾಪನೆಯಾದ ದಂತ ವೈದ್ಯಕೀಯ ಮಹಾವಿದ್ಯಾಲಯ ಇರುವುದರಿಂದ, ಎರಡನೆಯ ಅಭಿಪ್ರಾಯಕ್ಕಾಗಿ ಮೈಸೂರು, ಮಂಗಳೂರಿಗೇ ಓಡಬೇಕೆಂದಿಲ್ಲ.

ಹಾಕಿಸುವುದೆಂದು ನಿಶ್ಚಯಿಸಿದರೆ ಕಾಲವನ್ನು ನೋಡಿಕೊಳ್ಳಿ. ಇದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ನಾಲ್ಕಾರು ಸಲ ಹೋಗಬೇಕು. ಕಾಫಿ ಕುಯ್ಲಿನ ನಡುವೆ ಆರಂಭಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಕುಯ್ಲು ಮುಗಿದು ಹೂಮಳೆ ಬಿದ್ದ ಮೇಲೆ ಮೊಳೆ ಕೂರಿಸಿದರೆ, ಮಳೆಗಾಲವೆಲ್ಲ ಮೂಳೆ ಬೆಳೆಯುತ್ತಿರುತ್ತದೆ. ಮಾಯುವುದು ಸರಿಯಾಗಿ ನಡೆದರೆ ಕೈಲ್ ಮುಹೂರ್ತದ ಹೊತ್ತಿಗೆ ಮೇಲಿನ ಹಲ್ಲು ಬರಬಹುದು. ಹುತ್ತರಿಗೆ ಹೇಗೂ ತಡವಾಗದು. ಹೊಸದಾಗಿ ನೆಟ್ಟ ಸಸಿಯನ್ನು ಯಾರೂ ಅಲುಗಾಡಿಸುವುದಿಲ್ಲವಷ್ಟೆ. ಈ ತಿಂಗಳುಗಳಲ್ಲಿ ಆ ಬದಿಯಿಂದ ಗಟ್ಟಿ ಪದಾರ್ಥ ಕಡಿಯಬಾರದು.

ಹಲ್ಲು ಬಂದ ಮೇಲೆಯೂ ಒಂದು ವ್ಯತ್ಯಾಸವಿದೆ. ಹುಟ್ಟಿದ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ಮೆತ್ತೆಯೊಂದಿದ್ದು, ಗಟ್ಟಿ ಏನಾದರೂ ಸಿಕ್ಕಿದ ಕೂಡಲೆ ನಮಗೆ ತಿಳಿಯುತ್ತದೆ. ಇಂಪ್ಲಾಂಟಿಗೆ ಆ ಮೆತ್ತೆಯಿಲ್ಲ. ಪಂದಿ ಕರಿಯ ಮೂಳೆಯನ್ನು ಅದರಿಂದ ಕಡಿದು ಕ್ಯಾಪ್ ಒಡೆದುಕೊಂಡರೆ ವೈದ್ಯರನ್ನು ದೂರಿ ಫಲವಿಲ್ಲ. ದಿನಕ್ಕೆ ಎರಡು ಸಲ ಬ್ರಷ್ಷಿನಿಂದ ವಸಡಿನ ಅಂಚನ್ನು ಉಜ್ಜಿ, ಸಂದಿಯನ್ನು ಸಣ್ಣ ಬ್ರಷ್ಷಿನಿಂದ ಶುಚಿಮಾಡಿ, ವೈದ್ಯರು ಹೇಳಿದ ಅವಧಿಗೆ ತೋರಿಸುತ್ತಿರಬೇಕು. ಸುತ್ತಲೂ ರಕ್ತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ.

ಹಣ ಕೊಡುವ ಮುನ್ನ ಒಟ್ಟು ಖರ್ಚನ್ನು, ಸ್ಕ್ಯಾನು ಮತ್ತು ಕ್ಯಾಪಿನ ಬೆಲೆ ಸೇರಿಸಿ, ಬರೆಸಿಕೊಳ್ಳಿ. ಮೊಳೆ ಕೂಡಿಕೊಳ್ಳದಿದ್ದರೆ ಮುಂದೇನು ಎಂಬುದನ್ನೂ ಕೇಳಿ. ಹಾಕಿದ ಮೊಳೆಯ ಕಂಪೆನಿ, ಅಳತೆ, ನಂಬರು ಇರುವ ಚೀಟಿಯನ್ನು ಕೇಳಿ ಪಡೆದು ಜಮಾಬಂದಿ ಕಾಗದಗಳ ಜೊತೆಯಲ್ಲಿಯೇ ಇಡಿ. ಹತ್ತು ವರ್ಷದ ಮೇಲೆ ಕ್ಯಾಪ್ ಸಡಿಲವಾದಾಗ ಬೇರೆ ವೈದ್ಯರಿಗೆ ಮೊದಲು ಬೇಕಾಗುವುದು ಆ ಚೀಟಿಯೇ.